ಹೆಸರಿಡದ ಕೂಸಿನ ರಾಗ

"ಯಾರದ್ದೂ ಅಲ್ಲ" ಎಂದು ನಿನ್ನೆ ಸಂಜೆ ರಾವ್ನಾ ಅಂದುಬಿಟ್ಟಿದ್ದಳು. ಕೇಳಿದವನು ಹೇಯ್ಕಾ ಮಾವ, ಗಂಡನ ಸೋದರಮಾವ. ವಯಸ್ಸು ಎಪ್ಪತ್ತರ ಹತ್ತಿರ ಬಂದಿದ್ದರೂ ನಾಲಗೆಗೆ ಇನ್ನೂ ಇಪ್ಪತ್ತು ದಾಟಿರದ ಮುದುಕ. ಅವನು ಕೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ. ಸಾರಂಗ ಮೇಯಿಸುವ ಅವರ ಜನರಲ್ಲಿ ಹೊಸ ರಾಗವೊಂದು ಕಿವಿಗೆ ಬಿದ್ದರೆ ಯಾರಾದರೂ ಕೇಳುವ ಪ್ರಶ್ನೆಯೇ ಅದು: ಇದು ಯಾರದು? ಒಬ್ಬರ ಬಗ್ಗೆ ಹಾಡುವ ಪದ್ಧತಿ ಅವರಲ್ಲಿಲ್ಲ, ಆ ಒಬ್ಬರನ್ನೇ ಹಾಡುತ್ತಾರೆ. ಹುಟ್ಟಿದ ಮನುಷ್ಯನಿಗೆ ತಾಯಿಯೋ ಅಜ್ಜಿಯೋ ಒಂದು ರಾಗ ಕೊಡುತ್ತಾರೆ, ಮಾತಿಲ್ಲದ್ದು, ಮೂರು ನಾಲ್ಕು ತಿರುವಿನದು. ಅದನ್ನು ಯಾರು ಎಲ್ಲಿ ಹಾಡಿದರೂ ಆ ಮನುಷ್ಯ ಅಲ್ಲಿಗೆ ಬಂದು ನಿಂತ ಎಂದೇ ಲೆಕ್ಕ, ಸತ್ತಿದ್ದರೂ ಸರಿಯೇ. ಹಾಗಿರುವಾಗ ಯಾರದ್ದೂ ಅಲ್ಲ ಎನ್ನುವ ಮಾತಿಗೆ ಅರ್ಥವೇ ಇಲ್ಲ. ಹೇಯ್ಕಾ ಮಾವ ಹುಬ್ಬು ಏರಿಸಿದ್ದ. "ಯಾರದ್ದೂ ಅಲ್ವಾ? ಹಾಗಾದ್ರೆ ಈ ಸಾರಂಗಗಳದ್ದೇ ಇರ್ಲಿ ಬಿಡು. ಇವೂ ಯಾರವೂ ಅಲ್ಲವಲ್ಲ" ಎಂದು ನಕ್ಕು, ಮೂಗಿನಲ್ಲೇ ಅದನ್ನು ಗುನುಗಿಕೊಂಡು ಡೇರೆಯ ಕಡೆ ಹೋಗಿದ್ದ. ಅವಳು ಕರೆದು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಅದು ಅವಳ ಕೂಸಿನ ರಾಗ. ಹತ್ತು ವರ್ಷಕ್ಕೂ ಹಿಂದಿನ ಮಾತು. ವಸಂತದಲ್ಲಿ ಹಿಂಡನ್ನು ಕಡಲ ಕಡೆಗೆ ಹೊಡೆದುಕೊಂಡು ಹೋಗುವಾಗ, ಹೊಟ್ಟೆಯಲ್ಲಿದ್ದುದಕ್ಕೆಂದು ನಡೆಯುತ್ತ ನಡೆಯುತ್ತ ಕಟ್ಟಿದ್ದು. ಹುಟ್ಟುವ ಮೊದಲೇ ಕಟ್ಟಬೇಡ ಕಣೇ ಎಂದು ಅತ್ತೆ ಗದರಿದ್ದಕ್ಕೆ ತುಟಿ ಮುಚ್ಚಿಕೊಂಡು, ಗಂಟಲಲ್ಲೇ ಹಾಡಿಕೊಂಡಿದ್ದಳು. ಎಂಟನೇ ತಿಂಗಳಿಗೆ ಕರಾವಳಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು. ಉಸಿರಾಡಲೇ ಇಲ್ಲ. ಹೆಸರೂ ಇಡಲಿಲ್ಲ. ಆಮೇಲೆ ಇನ್ನೊಂದಾಗಲೂ ಇಲ್ಲ. ಆ ಕೂಸಿಗೆ ಈ ಲೋಕದಲ್ಲಿ ತನ್ನದು ಅಂತ ಇದ್ದದ್ದು ಆ ರಾಗ ಒಂದೇ, ಅದನ್ನು ಬಲ್ಲವಳು ಅವಳೊಬ್ಬಳೇ. ಗಂಡ ಇಸ್ಸಾತ್‌ಗೂ ಗೊತ್ತಿಲ್ಲ. ಅಂಥದ್ದನ್ನು ಭೂಮಿಯ ಈ ಕೆಳತುದಿಗೆ ಬಂದು, ಪರದೇಶಿ ಸಾರಂಗಗಳ ಮುಂದೆ ಬಾಯಿಬಿಟ್ಟು ಹಾಡಿ, ಸಿಕ್ಕಿಬಿದ್ದ ಕೂಡಲೇ ಯಾರದ್ದೂ ಅಲ್ಲ ಎಂದಿದ್ದಳು. ಹೆತ್ತವಳೇ ಯಾರದ್ದೂ ಅಲ್ಲ ಅಂದಮೇಲೆ ಇನ್ಯಾರು ಆ ಕೂಸು ಇತ್ತು ಅನ್ನಬೇಕು?

ಇವತ್ತು ಬೆಳಿಗ್ಗೆ ಕಾಫಿ ಪಾತ್ರೆ ಹಿಡಿದು ತೊರೆಗೆ ಇಳಿಯುವಾಗಲೂ ಅದೇ ಕೊರೆಯುತ್ತಿತ್ತು. ತೊರೆಯ ಬಾಯಿಗೆ ಅಡ್ಡಲಾಗಿ ಆನೆಸೀಲುಗಳು ಬಿದ್ದುಕೊಂಡಿದ್ದವು. ಹಳೆಯ ಚರ್ಮ ಹಪ್ಪಳದಂತೆ ಏಳುತ್ತಿದ್ದ ಮೈಗಳು ಒಂದರ ಮೇಲೊಂದು ಒರಗಿ, ತಮ್ಮದೇ ಹೊಲಸಿನಲ್ಲಿ ಹೊರಳಿ, ತೇಗುತ್ತ, ಸೀನುತ್ತ, ಹೂಸು ಬಿಡುತ್ತ ಇದ್ದವು. ಬಂದ ಹೊಸದರಲ್ಲಿ ಆ ನಾತಕ್ಕೆ ಮೂಗು ಮುಚ್ಚಿಕೊಳ್ಳುತ್ತಿದ್ದಳು, ಈಗ ಒಗ್ಗಿದೆ. ಒಂದು ದೊಡ್ಡದು ಕಣ್ಣು ತೆರೆದು ಅವಳನ್ನು ನೋಡಿತು. ಕಪ್ಪು, ಒದ್ದೆ, ಅತ್ತು ಮುಗಿಸಿದಂಥ ಕಣ್ಣು. ಆಚೆ ಕಡಲಲ್ಲಿ ನೀಲಿ ಮಂಜುಗಡ್ಡೆಯೊಂದು ಮಗ್ಗುಲು ಬದಲಿಸಿತು. ಹಿಮನದಿ ಬೆಟ್ಟಗಳ ನಡುವಿನಿಂದ ನೇರ ಕೊಲ್ಲಿಯ ನೀರಿಗೇ ನಾಲಗೆ ಚಾಚಿತ್ತು. ಅದರ ಬುಡದ ಹುಲ್ಲುಗುಪ್ಪೆಗಳ ನಡುವೆ ಇವತ್ತು ತರಬೇಕಾದ ಸಾರಂಗಗಳು ಇದ್ದವು. ಕೊಲ್ಲಿಯಲ್ಲಿ ಉಳಿದದ್ದು ಅಷ್ಟೇ. ನೂರು ವರ್ಷದ ಹಿಂದೆ ತಿಮಿಂಗಿಲ ಬೇಟೆಗೆ ಬಂದ ನಾರ್ವೆಯವರು ತಿನ್ನಲಿಕ್ಕೆಂದು ಹಡಗಿನಲ್ಲಿ ತಂದು ಬಿಟ್ಟವುಗಳ ಸಂತಾನ ಅದು. ತಿಮಿಂಗಿಲ ಮುಗಿದವು, ಬೇಟೆಯವರು ಊರಿಗೆ ಹೋದರು, ಸಾರಂಗಗಳು ಹೆಚ್ಚಿ ಹುಲ್ಲನ್ನೆಲ್ಲ ಮೇಯ್ದು ಹಕ್ಕಿಗಳ ಗೂಡಿಗೆ ಮರೆಯಿಲ್ಲದಂತೆ ಮಾಡಿದವು. ಈಗ ಅವುಗಳನ್ನು ಮುಗಿಸಬೇಕೆಂದು, ಸಾರಂಗ ಮೇಯಿಸಿಯೇ ಬದುಕುವ ಇವರನ್ನು ಭೂಮಿಯ ಮೇಲ್ತುದಿಯಿಂದ ಕರೆಸಿದ್ದರು. ಮೊದಲ ದಿನ ದೊಡ್ಡಿಗೆ ಹೊಡೆದಾಗ ಇಸ್ಸಾತ್ ಅಭ್ಯಾಸಬಲದಿಂದ ಪ್ರತಿಯೊಂದರ ಕಿವಿ ನೋಡುತ್ತಿದ್ದ. ಯಾವ ಕಿವಿಯಲ್ಲೂ ಒಡೆಯರು ಚಾಕುವಿನಿಂದ ಕೊಯ್ಯುವ ಗುರುತಿರಲಿಲ್ಲ, ಯಾರ ಮನೆಯದೂ ಅಲ್ಲ. "ಇಷ್ಟೂ ನಮ್ಮ ತಾತನ ಹಿಂಡಿನದ್ದೇ ಇರಬಹುದು ಕಣೇ, ಯಾರು ಕಂಡಿದ್ದಾರೆ?" ಎಂದಿದ್ದ ಅವತ್ತು. ನಗಲಿಕ್ಕೆ ಹೇಳಿದ ಮಾತು. ಯಾರೂ ನಕ್ಕಿರಲಿಲ್ಲ.

ನಿನ್ನೆ ಮಂಜು ದಟ್ಟವಾಗಿ ಇಳಿದಿತ್ತು. ಹಿಂಡನ್ನು ದೊಡ್ಡಿಯ ಕಡೆ ತಿರುಗಿಸಲು ಕಟ್ಟಿದ ಗೋಣಿತಾಟಿನ ಗೋಡೆಯ ಕೊನೆಯ ಗೂಟದ ಹತ್ತಿರ ಅವಳನ್ನು ನಿಲ್ಲಿಸಿ ಗಂಡಸರು ಗುಡ್ಡದ ಆಚೆ ಬಳಸಿ ಹೋಗಿದ್ದರು. ಕಾಯುವುದೊಂದೇ ಕೆಲಸ. ಗಾಳಿ ಇರಲಿಲ್ಲ. ಪೆಂಗ್ವಿನ್‌ಗಳ ಗದ್ದಲ ಕೂಡ ಹತ್ತಿಯಲ್ಲಿ ಸುತ್ತಿಟ್ಟಂತೆ ಕೇಳುತ್ತಿತ್ತು. ಅಲ್ಲಿ ಕೂತವಳಿಗೆ ತಾನು ಇಲ್ಲವೇ ಇಲ್ಲ ಅನ್ನಿಸಿತು, ಯಾರಿಗೂ ಕಾಣದ, ಯಾರೂ ಹುಡುಕದ ಜಾಗ. ಗಂಟಲು ತಾನಾಗಿ ತೆರೆದುಕೊಂಡಿತು. ಮೊದಲು ಸಣ್ಣಗೆ, ಆಮೇಲೆ ಪೂರ್ತಿ. ಹತ್ತು ವರ್ಷ ಮುಚ್ಚಿಟ್ಟದ್ದು ಹೀಗೆ ತಾಜಾ ಇರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ಹಾಡಿದಳು. ಬಂದಳು, ಹತ್ತಿರದಲ್ಲೇ ಇದ್ದಾಳೆ, ಅನ್ನಿಸಿತು. ಕಣ್ಣು ತೆರೆದರೆ ಎದುರಿಗೆ ಒಂದು ಹೆಣ್ಣು ಸಾರಂಗ, ಕೈ ಚಾಚಿದರೆ ಸಿಗುವಷ್ಟರಲ್ಲಿ. ಎರಡು ಸಲ ಗೋಡೆ ಹಾರಿ ಇಡೀ ಹಿಂಡನ್ನು ಎಳೆದುಕೊಂಡು ಓಡಿಹೋಗಿದ್ದ, ಒಂದು ಕೊಂಬು ಮುರಿದ ಮುಂದಾಳು ಅದು; ಈ ಜಾತಿಯಲ್ಲಿ ಹೆಣ್ಣಿಗೂ ಕೊಂಬುಂಟು. ಅದರ ಹಿಂದೆ ಮಂಜಿನಲ್ಲಿ ಉಳಿದವು, ಮರಿಗಳ ಸಮೇತ. ತಲೆ ತಗ್ಗಿಸಿ, ಕಿವಿ ಮುಂದೆ ಮಾಡಿ, ಕೇಳುತ್ತ ನಿಂತಿದ್ದವು. ಅವಳು ಹಾಡು ನಿಲ್ಲಿಸಲಿಲ್ಲ. ನಿಲ್ಲಿಸಿದ್ದು ಹಿಂದಿನಿಂದ ಚಪ್ಪಾಳೆ ಕೇಳಿದಾಗ. ಸಾರಂಗಗಳು ಚದುರಿ ಓಡಿದವು. ತಿರುಗಿ ನೋಡಿದರೆ ಈ ಕೆಲಸದ ಮುಖ್ಯಸ್ಥ ಹಾಲ್ವರ್, ಅವನ ಪಕ್ಕದಲ್ಲಿ ಹೇಯ್ಕಾ ಮಾವ. ಸ್ನಾನ ಮಾಡುವಾಗ ಯಾರೋ ಬಾಗಿಲು ತಳ್ಳಿದಂತೆ ಆಗಿ ಅವಳು ಶಾಲನ್ನು ಎದೆಗೆ ಎಳೆದುಕೊಂಡಿದ್ದಳು.

ಕಾಫಿಗೆ ಒಣಮಾಂಸದ ಚೂರು ಹಾಕಿಕೊಂಡು ಎಲ್ಲರೂ ಡೇರೆಯ ಬಾಯಲ್ಲಿ ಕೂತಾಗ ಹಾಲ್ವರ್ ಬಂದ. ದಕ್ಷಿಣ ನಾರ್ವೆಯ ಪಟ್ಟಣದವನು, ಒಳ್ಳೆಯವನೇ, ಯಾವುದನ್ನೂ ಹಾಳು ಮಾಡಬಾರದೆಂದು ಮೆಲ್ಲಗೆ ಮಾತಾಡುವ ಜಾತಿ.

"ಇವತ್ತು ರಾವ್ನಾ ಅವರು ಮುಂದೆ ಇರಲಿ" ಎಂದ. "ನಿನ್ನೆ ನೋಡಿದೆನಲ್ಲ, ನಾವು ಇಷ್ಟು ದಿನ ಕೂಗಾಡಿದ್ದೆಲ್ಲ ದಂಡ. ಅವರು ಹಾಡ್ತಾ ದೊಡ್ಡಿ ಕಡೆ ನಡೆದ್ರೆ ಸಾಕು, ಬಂದುಬಿಡ್ತವೆ."

"ಅಲ್ಲ ಸಾಹೇಬರೇ" ಎಂದ ಹೇಯ್ಕಾ ಮಾವ, "ನಮ್ಮ ಇಸ್ಸಾತ್‌ಗೂ ಒಂದು ಅವಕಾಶ ಕೊಡಿ. ಅವನು ಹಾಡಿದ್ರೆ ಸಾರಂಗ ಬರದಿದ್ರೂ ಆ ಸೀಲುಗಳಾದ್ರೂ ಜಾಗ ಖಾಲಿ ಮಾಡ್ತವೆ."

ಎಲ್ಲರೂ ನಕ್ಕರು. ಇಸ್ಸಾತ್ ಕೂಡ. ಅವಳು ಲೋಟದೊಳಗೆ ನೋಡುತ್ತ ಅಂದಳು, "ನಂಗೆ ಆಗಲ್ಲ. ಗಂಟಲು ಕೆಟ್ಟಿದೆ."

"ಆಗದಿದ್ರೆ ಬಲವಂತ ಇಲ್ಲ" ಎಂದ ಹಾಲ್ವರ್. "ಆದ್ರೆ ಇನ್ನು ಕಾಯೋಕಾಗಲ್ಲ. ವಾಪಸು ಹೋಗೋ ಹಡಗು ಬರುತ್ತೆ. ದೊಡ್ಡಿಗೆ ಬರದೇ ಹೋದ್ರೆ ಬಂದೂಕಿನವರನ್ನ ಗುಡ್ಡ ಹತ್ತಿಸ್ತೀನಿ. ಬೇರೆ ದಾರಿ ಇಲ್ಲ." ಹೇಳಿದವನಿಗೇ ಕಸಿವಿಸಿಯಾಗಿ, ಕಾಫಿ ಬೇಡವೆಂದು ಎದ್ದು ಹೋದ.

ಲೋಟ ತೊಳೆಯುವಾಗ ಇಸ್ಸಾತ್ ಪಕ್ಕದಲ್ಲಿ ಬಂದು ಕುಕ್ಕರುಗಾಲಲ್ಲಿ ಕೂತ. ಮಾತು ಕಡಿಮೆ ಅವನದು. ಕೈಯಲ್ಲಿದ್ದ ಹಗ್ಗದ ಕುಣಿಕೆಯನ್ನು ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ ಮಾಡಿದ. "ಓಡೋವಾಗ ಹೊಡೀತಾರೆ ಕಣೇ" ಎಂದ ಕೊನೆಗೆ. "ಹೊಟ್ಟೆಗೆ ಬೀಳುತ್ತೆ, ಕಾಲಿಗೆ ಬೀಳುತ್ತೆ. ಬಂಡೆ ಮೇಲಿಂದ ಉರುಳ್ತವೆ. ಮರಿಗಳು ಎಲ್ಲೋ ಉಳೀತವೆ. ಆ ಕಂದು ಹಕ್ಕಿಗಳು ಇನ್ನೂ ಜೀವ ಇರೋವಾಗಲೇ ಕಣ್ಣು ಕೀಳ್ತವೆ, ನೋಡಿದ್ದೀಯಲ್ಲ. ದೊಡ್ಡಿ ಒಳಗಾದ್ರೆ ಒಂದೇ ಏಟು. ಗೊತ್ತೇ ಆಗಲ್ಲ." ಕುಣಿಕೆಯನ್ನು ಬಿಗಿದು, "ಒಂದು ಹಾಡು ತಾನೇ ರಾವ್ನಾ, ಅದೂ ಯಾರದ್ದೂ ಅಲ್ಲ ಅಂದೆಯಂತೆ" ಎಂದ.

ಅವಳಿಗೆ ಆಗ ಎದ್ದು ಅವನ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಮರುಕ್ಷಣವೇ ಅವನ ಭುಜದ ಮೇಲೆ ತಲೆಯಿಟ್ಟು ಹೇಳಿಬಿಡಬೇಕೆನ್ನಿಸಿತು. ಎರಡೂ ಆಗಲಿಲ್ಲ. ಆಸ್ಪತ್ರೆಯ ನೆಲ ಕಣ್ಣ ಮುಂದೆ ಬಂತು. ಅವನು ಬರುವ ಹೊತ್ತಿಗೆ ಎಲ್ಲ ಮುಗಿದು, ಬಿಳಿ ಬಟ್ಟೆ ಸುತ್ತಿದ ಅಷ್ಟುದ್ದದ್ದನ್ನು ನರ್ಸ್ ತೆಗೆದುಕೊಂಡು ಹೋಗಿ ಆಗಿತ್ತು. ಹಿಂಡು ನೀರು ದಾಟುವಾಗ ಬಿಟ್ಟು ಬರುವುದು ಹೇಗೆ ಎಂದು ಅವನೇನೂ ಸಮಜಾಯಿಷಿ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಮಂಚದ ಪಕ್ಕ ನಿಂತ ಅವನ ಬೂಟಿನಿಂದ ಹಿಮ ಕರಗಿ ನೆಲದ ಮೇಲೆ ನೀರಾಗುತ್ತಿತ್ತು, ಅವನು ಆ ನೀರನ್ನೇ ನೋಡುತ್ತಿದ್ದ, ಒರೆಸಬೇಕೇ ಬೇಡವೇ ಎಂಬಂತೆ. ಅವಳ ನಾಲಗೆಯ ತುದಿಯಲ್ಲಿ ರಾಗ ಇತ್ತು. ಅವನು ತಲೆಯೆತ್ತಿ ಒಂದು ಸಲ ಅವಳನ್ನು ನೋಡಿದ್ದರೆ ಹಾಡುತ್ತಿದ್ದಳು. "ಇನ್ನೊಂದಾಗುತ್ತೆ ಬಿಡು" ಎಂದ ಅವನು, ನೆಲಕ್ಕೆ. ಅವಳು ಬಾಯಿ ಮುಚ್ಚಿದಳು. ಕೊಡುವುದಿಲ್ಲ, ನಿನಗೆ ಕೊಡುವುದಿಲ್ಲ, ಇದು ನನ್ನದು ಎಂದುಕೊಂಡದ್ದು ಇವತ್ತಿಗೂ ನೆನಪಿದೆ. ದುಃಖ ಅಂತ ಎಷ್ಟು ವರ್ಷ ಕರೆದುಕೊಂಡಳೋ ಅದರಲ್ಲಿ ಅರ್ಧ ಸೇಡು ಇತ್ತು. ಅವನಿಗೆ ಗೊತ್ತಾಗದ ಹಾಗೆ ಅವನ ಪಾಲನ್ನೂ ತಾನೇ ಇಟ್ಟುಕೊಂಡು, ಅವನು ಮಲಗಿದ ಮೇಲೆ ಒಬ್ಬಳೇ ತುತ್ತು ತುತ್ತಾಗಿ ತಿಂದವಳು ಅವಳು.

"ಬರ್ತೀನಿ ನಡಿ" ಎಂದಳು.

ಹಿಮನದಿಯ ಬುಡಕ್ಕೆ ಹೋಗಲು ಪೆಂಗ್ವಿನ್‌ಗಳ ನಡುವೆಯೇ ದಾರಿ. ಸಾವಿರಗಟ್ಟಲೆ, ಕಣ್ಣು ಹಾಯುವವರೆಗೆ, ಕತ್ತಿನಲ್ಲಿ ಕಿತ್ತಳೆಯ ಪಟ್ಟಿ ಹೊತ್ತ ದೊಡ್ಡವು, ಅವುಗಳ ನಡುವೆ ಕಂದು ಉಣ್ಣೆ ಹೊದ್ದ ಮರಿಗಳು. ಮುಂದೆ ಹೋಗುತ್ತಿದ್ದ ಗಂಡಸರು ಶಬ್ದ ಮಾಡದೆ ಬಳಸಿ ನಡೆದರು. ಅವಳು ಹಿಂದೆ ಬಿದ್ದಳು. ಕಡಲಿಂದ ಆಗಷ್ಟೇ ಎದ್ದು ಬಂದ ಒಂದು ಪೆಂಗ್ವಿನ್, ಮೈಯಿಂದ ನೀರಿಳಿಯುತ್ತಿದ್ದುದು, ಗುಂಪಿನ ಅಂಚಿನಲ್ಲಿ ನಿಂತು ಕೊಕ್ಕು ಮೇಲೆತ್ತಿ ಕೂಗಿತು. ಕೂಗಿ, ತಲೆ ತಗ್ಗಿಸಿ, ಕೇಳಿತು. ಅಷ್ಟು ಸಾವಿರದ ಗಲಾಟೆಯಲ್ಲಿ ತನ್ನ ಮರಿಯ ದನಿ ಅದಕ್ಕೆ ತಿಳಿಯುತ್ತದೆ, ಮರಿಗೂ ಅದರ ದನಿ ತಿಳಿಯುತ್ತದೆ, ಬೇರೆ ಯಾವ ಮರಿ ಬಾಯಿ ಹಾಕಿದರೂ ಕುಕ್ಕಿ ಓಡಿಸುತ್ತದೆ. ಇದನ್ನೆಲ್ಲ ಅವಳು ಬಂದಾಗಿನಿಂದ ನೋಡಿದ್ದಾಳೆ. ಈ ಪೆಂಗ್ವಿನ್‌ಗೆ ಉತ್ತರ ಬರಲಿಲ್ಲ. ನಾಲ್ಕು ಹೆಜ್ಜೆ ಹೋಗಿ ಮತ್ತೆ ಕೂಗಿತು. ಮತ್ತೆ ತಗ್ಗಿ ಕೇಳಿತು. ಎಷ್ಟು ಹೊತ್ತು ಹೀಗೆ ಕೂಗುತ್ತದೋ, ಯಾವಾಗ ಸಾಕೆನ್ನಿಸುತ್ತದೋ, ಸಾಕೆನ್ನಿಸಿದ ಮೇಲೆ ಹೊಟ್ಟೆಯಲ್ಲಿ ತಂದ ಮೀನನ್ನು ಏನು ಮಾಡುತ್ತದೋ ಎಂದುಕೊಂಡು ಅವಳು ನೋಡುತ್ತ ನಿಂತಳು. "ರಾವ್ನಾ" ಎಂದು ಮುಂದಿನಿಂದ ಇಸ್ಸಾತ್ ಕರೆದ.

ಸಾರಂಗಗಳು ಹುಲ್ಲುಗುಪ್ಪೆಗಳ ನಡುವೆ ಮಲಗಿದ್ದವು. ಜನರನ್ನು ಕಂಡು ಎದ್ದವು. ಮುರಿದ ಕೊಂಬಿನದು ಮೂಗೆತ್ತಿ ಗಾಳಿ ಹಿಡಿಯಿತು, ಮೈ ಬಿಗಿಯಿತು, ಇನ್ನೇನು ಹಾರಬೇಕು. ಎಲ್ಲರೂ ಅವಳ ಕಡೆ ನೋಡಿದರು. ಬೇರೆ ಯಾವುದಾದರೂ ರಾಗ ಹಾಡಿದರಾಗದೇ ಎಂದು ಅಜ್ಜಿಯದನ್ನು ಶುರುಮಾಡಿದಳು. ಸಾರಂಗ ಕಿವಿಯನ್ನೂ ತಿರುಗಿಸಲಿಲ್ಲ, ಒಂದು ಹೆಜ್ಜೆ ಹಿಂದಿಟ್ಟಿತು. ಗುಡ್ಡದ ನೆತ್ತಿಯಲ್ಲಿ ಬಂದೂಕಿನವರ ಕೆಂಪು ಟೊಪ್ಪಿಗೆ ಕಂಡಿತು. ಕ್ಷಮಿಸು ಎಂದುಕೊಂಡಳು, ಯಾರಿಗೆಂದು ಅವಳಿಗೇ ತಿಳಿಯದು, ಮತ್ತೆ ಕೂಸಿನದನ್ನೇ ಎತ್ತಿಕೊಂಡಳು.

ಬಂದವು. ಹಿಂದಕ್ಕೆ ನೋಡದೆ ಅವಳು ದಂಡೆಯಗುಂಟ ನಡೆದಳು, ಬೆನ್ನ ಹಿಂದೆ ಗೊರಸುಗಳ ಚಿಟಿಚಿಟಿ. ಊರಲ್ಲಿ ಚಳಿಗಾಲ ಪೂರ್ತಿ ಕೇಳುವ ಸದ್ದು ಅದು. ಸೀಲುಗಳ ನಡುವೆ, ಕೊಳೆತ ಕಡಲಪಾಚಿಯ ಮೇಲೆ, ಗೋಣಿತಾಟಿನ ಗೋಡೆ ಎರಡೂ ಕಡೆ ಕಿರಿದಾಗುತ್ತ ಬಂತು. ಅಲ್ಲಿ ಗೋಡೆ ಹಿಡಿದು ನಿಂತಿದ್ದವರ ಪೈಕಿ ಮೊದಲು ಹೇಯ್ಕಾ ಮಾವ ದನಿಗೂಡಿಸಿದ, ಹಿಂಡು ಬೆದರದ ಹಾಗೆ, ಒಳ್ಳೇ ಕೆಲಸಗಾರ ಮಾಡುವ ಹಾಗೆಯೇ. ಅವನಿಂದ ಪಕ್ಕದವನು ಕಲಿತ. ಅವನಿಂದ ಇನ್ನೊಬ್ಬ. ಕೂಸಿನ ರಾಗ ಒರಟು ಗಂಡಸರ ಗಂಟಲಿಂದ ಗಂಟಲಿಗೆ ದಾಟುತ್ತ ಅವಳಿಗಿಂತ ಮುಂದೆ ಹೋಯಿತು. ಬಾಗಿಲ ಹತ್ತಿರ ಇಸ್ಸಾತ್ ನಿಂತಿದ್ದ, ಅವನೂ ಹಾಡುತ್ತಿದ್ದ. ಅವಳು ಅವನನ್ನು ದಾಟುವಾಗ ಅವನ ಮುಖದಲ್ಲಿ ಅವಳು ಎಷ್ಟೋ ವರ್ಷದಿಂದ ಕಾಣದ ಒಂದು ಮೆದುತನ ಇತ್ತು, ಅದು ಸಾರಂಗಗಳಿಗಾಗಿ. ದೊಡ್ಡಿಯ ಒಳಗೆ ಬಂದು ಅವಳು ಗೋಡೆಯ ಕೆಳಗೆ ನುಸುಳಿ ಹೊರಗಾದಳು. ಬಾಗಿಲು ಮುಚ್ಚಿತು. ಸಾರಂಗಗಳು ಊರಲ್ಲಿ ಸುತ್ತುವ ಹಾಗೆಯೇ ಎಡಕ್ಕೆ ಸುತ್ತತೊಡಗಿದವು. ಊರಲ್ಲಿ ಅದು ಸೂರ್ಯನಿಗೆ ಎದುರು ದಿಕ್ಕು. ಇಲ್ಲಿ, ಭೂಮಿಯ ಕೆಳತುದಿಯಲ್ಲಿ, ಸೂರ್ಯನೇ ಆ ದಿಕ್ಕಿಗೆ ಹೋಗುತ್ತಾನೆ.

ಆಮೇಲಿನದನ್ನು ಅವಳು ನೋಡಲಿಲ್ಲ. ನೀರಿನ ಅಂಚಿಗೆ ಹೋಗಿ ಕಲ್ಲಿನ ಮೇಲೆ ಕೂತಳು. ಒಂದೊಂದೇ ಏಟಿನ ಸದ್ದು, ನಡುವೆ ಬಿಡುವು, ಮತ್ತೊಂದು. ಇಸ್ಸಾತ್ ಹೇಳಿದ ಹಾಗೆಯೇ ಎಲ್ಲ ಶಾಂತವಾಗಿ ನಡೆಯುತ್ತಿತ್ತು. ಹೆಣ ತಿನ್ನುವ ಕಂದು ಹಕ್ಕಿಗಳು ಎಲ್ಲಿದ್ದವೋ, ರೆಕ್ಕೆ ಅಗಲಿಸಿ ದಂಡೆಯ ಮೇಲೆ ಓಡಿಕೊಂಡು ಬಂದವು. ಮೇಲೆ ಒಂದು ಆಲ್ಬಟ್ರಾಸ್ ರೆಕ್ಕೆ ಬಡಿಯದೆ ಕೊಲ್ಲಿಯನ್ನು ಅಡ್ಡ ಹಾಯ್ದು ಹೋಯಿತು. ಅವಳು ಬಾಯೊಳಗೇ ರಾಗವನ್ನು ಒಂದು ಸಲ ಹಿಡಿದು ನೋಡಿದಳು. ಮುರಿದ ಕೊಂಬು ಬಂತು. ಮಂಜು ಬಂತು, ಗೊರಸಿನ ಸದ್ದು ಬಂತು. ಬರಬೇಕಾದವಳು ಬರಲಿಲ್ಲ. ಇನ್ನೊಂದು ಸಲ ಹಿಡಿಯಲು ಧೈರ್ಯವಾಗಲಿಲ್ಲ.

ಸಂಜೆ ಬಿಸಿಲು ಹಿಮನದಿಯ ಮೇಲೆ ಬಿದ್ದು ಇಡೀ ಕೊಲ್ಲಿ ಮದುವೆಮನೆಯಂತೆ ಹೊಳೆಯುತ್ತಿತ್ತು. ದೊಡ್ಡ ಡೇರೆಯಲ್ಲಿ ಗಂಡಸರು ಕೆಲಸ ಮುಗಿದ ಖುಷಿಗೆ ಬಾಟಲಿ ತೆಗೆದಿದ್ದರು. ಇಸ್ಸಾತ್ ಅವರ ಜೊತೆ ಹೋಗದೆ ತಮ್ಮ ಡೇರೆಯಲ್ಲಿ ಕೂತು, ಬೇಯಿಸಿದ ಸಾರಂಗದ ನಾಲಗೆಗಳ ಸಿಪ್ಪೆ ಸುಲಿಯುತ್ತಿದ್ದ. ಅವಳು ಒಲೆಯ ಹತ್ತಿರ ಇದ್ದಳು. ಒಂದಕ್ಕೂ ಗಾಯವಾಗಲಿಲ್ಲ, ಒಂದು ಮರಿಯೂ ತಪ್ಪಿಸಿಕೊಂಡು ಅನಾಥವಾಗಲಿಲ್ಲ ಎಂದು ಎರಡು ಸಲ ಹೇಳಿದ. ಆಮೇಲೆ ಚಾಕು ಆಡಿಸುತ್ತ ಗುನುಗತೊಡಗಿದ. ಮೊದಲ ತಿರುವು ಸರಿಯಾಗಿತ್ತು. ಎರಡನೆಯದೂ. ಮೂರನೆಯದಕ್ಕೆ ಬಂದಾಗ ನೀರು ಹರಿದ ಹಾಗೆ ಜಾರಿಸಿಕೊಂಡು ಹೋದ.

"ಹಾಗಲ್ಲ" ಎಂದಳು ಅವಳು. "ಅಲ್ಲಿ ನಿಲ್ಲಬೇಕು."

"ಎಲ್ಲಿ?"

ಅವಳು ಹಾಡಿ ತೋರಿಸಿದಳು. ಮೂರನೆಯ ತಿರುವಿನ ನಡುವೆ ಒಂದು ತಡೆ, ಉಸಿರಿನಷ್ಟು, ಆಮೇಲೆ ಸಣ್ಣ ಜಿಗಿತ.

ಇಸ್ಸಾತ್ ಚಾಕು ಕೆಳಗಿಟ್ಟ. ಬದುಕಿಡೀ ಸಾರಂಗದ ಹಿಂದೆ ನಡೆದವನು. "ಸಾರಂಗ ಹಾಗೆ ನಿಲ್ಲಲ್ವಲ್ಲ ರಾವ್ನಾ" ಎಂದ. "ಅದು ನಿಂತರೆ ತಲೆ ಎತ್ತಿ ನಿಲ್ಲುತ್ತೆ, ಇದು ಏನೋ ಒಳಗೇ… ಇದು ಸಾರಂಗ ಅಲ್ಲ. ಯಾರಿದು?"

ಅವಳು ಒಲೆಯನ್ನು ತಗ್ಗಿಸಿದಳು. "ಅಲ್ಲಿ ಒದೀತಾ ಇದ್ಲು" ಎಂದಳು. "ನಡೆಯೋವಾಗ. ನಾನು ನಿಂತುಬಿಡ್ತಿದ್ದೆ. ಇನ್ನೊಂದು ಸಲ ಒದೀತಾಳಾ ಅಂತ ಕಾಯ್ತಿದ್ದೆ. ಅದಕ್ಕೇ ಆ ತಡೆ."

ಅವಳು ಅವನ ಬೂಟುಗಳನ್ನು ನೋಡುತ್ತಿದ್ದಳು, ಅವನ ಮುಖ ನೋಡಲು ಆಗಲಿಲ್ಲ. "ಕೊನೇವರೆಗೂ ಒದೀತಿದ್ಲಾ?" ಎಂದ ಅವನು. ಇಷ್ಟು ವರ್ಷದಲ್ಲಿ ಮೊದಲನೇ ಸಲ ಕೂಸಿನ ಬಗ್ಗೆ ಅವನ ಬಾಯಿಂದ ಬಂದ ಮಾತು. ಅವಳು ಹೌದೆಂದು ತಲೆಯಾಡಿಸಿದಳು. ಅವನು ಹಾಡಲು ನೋಡಿದ. ಮೊದಲ ತಿರುವಿಗೇ ದನಿ ಒಡೆಯಿತು. ಮುಂಗೈಯಿಂದ ಮೂಗು ಒರೆಸಿಕೊಂಡ. "ನಂಗ್ಯಾಕೆ ಹೇಳ್ಲಿಲ್ಲ?" ಎಂದ. ಅವಳ ಹತ್ತಿರ ಉತ್ತರ ಇತ್ತು, ಅದು ಕೆಟ್ಟ ಉತ್ತರ.

ಅಷ್ಟರಲ್ಲಿ ದೊಡ್ಡ ಡೇರೆಯಿಂದ ಹೇಯ್ಕಾ ಮಾವನ ದನಿ ಎದ್ದಿತು. ಕೊಲ್ಲಿಯ ಸಾರಂಗಗಳಿಗೆ ಅಂತ ಕೂಗಿ, ಅದನ್ನೇ ಹಾಡತೊಡಗಿದ. ಉಳಿದವರು ಸೇರಿದರು, ಹಾಲ್ವರ್‌ನ ಹಾಡಲು ಬಾರದ ದನಿಯೂ ಸೇರಿತು. ಲೋಟಗಳಿಂದ ತಾಳ ಹಾಕುತ್ತ, ಮೂರನೆಯ ತಿರುವನ್ನು ನಿಲ್ಲದೆ ಹಾಯ್ದುಕೊಂಡು ಹೋದರು.

ಇಸ್ಸಾತ್ ತಟ್ಟನೆ ಎದ್ದ. "ನಿಲ್ಲಿಸಿ ಬರ್ತೀನಿ. ಅದು ನಮ್ಮ ಮಗಳದು ಅಂತ ಹೇಳ್ತೀನಿ."

ಅವಳು ಅವನ ತೋಳು ಹಿಡಿದಳು. "ಏನಂತ ಹೇಳ್ತೀಯಾ ಇಸ್ಸಾತ್? ಇಷ್ಟೂ ಸಾರಂಗಗಳನ್ನ ಸಾಯೋಕೆ ದೊಡ್ಡಿಗೆ ಕರ್ಕೊಂಡು ಬಂದವಳು ಅವಳೇ ಅಂತ ಹೇಳ್ತೀಯಾ?"

ಅವನು ಬಾಗಿಲ ಬಟ್ಟೆ ಹಿಡಿದುಕೊಂಡು ನಿಂತ. ಆಮೇಲೆ ವಾಪಸು ಬಂದು ಅವಳ ಪಕ್ಕದಲ್ಲಿ, ಮೈಗೆ ಮೈ ತಾಗುವಷ್ಟು ಹತ್ತಿರ ಕೂತ. ಆಚೆ ಅವರು ಮತ್ತೆ ಮೊದಲಿನಿಂದ ಶುರುಮಾಡಿದರು, ಮುಗಿಸಿ ಮತ್ತೆ ಶುರುಮಾಡಿದರು. ಮೂರನೆಯ ತಿರುವು ಬಂದಾಗಲೆಲ್ಲ ಇವರಿಬ್ಬರೂ ಉಸಿರು ಹಿಡಿದು ಕಾದರು.